ಸೋದರಳಿಯನ ಪಾಠಶಾಲೆ

ಮೂವತ್ತನಾಲ್ಕು ವರ್ಷಗಳ ಕಾಲ ಹುಡುಗರಿಗೆ ಸಂಸ್ಕೃತವನ್ನು ಕಲಿಸಿ, ಈಗ ಎರಡು ವರ್ಷಗಳಿಂದ ಮನೆಯಲ್ಲಿ ಕುಳಿತಿರುವ ಉಪಾಧ್ಯಾಯನು ನಾನು. ಬೋಧನೆಯ ವಿಷಯದಲ್ಲಿ ಇನ್ನು ನಾನು ಕಲಿಯತಕ್ಕದ್ದೇನೂ ಉಳಿದಿಲ್ಲವೆಂದು ನಂಬಿದ್ದೆನು. ಆ ನಂಬಿಕೆಯು ಕಳೆದ ಮಾಘಮಾಸದಲ್ಲಿ, ಮೋಟಾರು ಸೈಕಲ್ಲುಗಳು ಓಡುವ ಒಂದು ಪಥದ ಅಂಚಿನಲ್ಲಿ ಸಡಿಲವಾಯಿತು. ಅದು ಹೇಗೆಂಬುದನ್ನು ವಾಚಕರಿಗೆ ತಿಳಿಸಬೇಕೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ನನ್ನ ತಂಗಿಗೆ ಒಬ್ಬನೇ ಮಗನು. ಅವನಿಗೆ ಒಂಬತ್ತು ವರ್ಷವಾಗಿದ್ದಾಗ, ಅವನ ತಂದೆಯು ಸ್ಕೂಟರಿನಲ್ಲಿ ಮನೆಗೆ ಬರುತ್ತ ಲಾರಿಗೆ ಸಿಕ್ಕಿ ತೀರಿಕೊಂಡರು. ಅಂದಿನಿಂದ ಬೀದಿಯಲ್ಲಿ ಗಾಡಿಯ ಸದ್ದು ಕೇಳಿದರೆ ಸಾಕು, ತಂಗಿಯ ಎದೆಯು ನಡುಗುವುದು. ವಿಧಿಯ ವಿನೋದವೆನ್ನಬೇಕು, ಮಗನಿಗಾದರೋ ಅದೇ ಎರಡು ಚಕ್ರದ ಗಾಡಿಯಲ್ಲಿಯೇ ಜೀವ. ನಮ್ಮ ಮೈಸೂರಿನಲ್ಲಿ 1961ರಿಂದ ಜಾವಾ ಗಾಡಿಗಳು ತಯಾರಾಗುತ್ತಿದ್ದುದನ್ನೂ, 1996ರಲ್ಲಿ ಆ ಕಾರ್ಖಾನೆಯು ಮುಚ್ಚಿಹೋದುದನ್ನೂ ಹಿರಿಯರು ಬಲ್ಲರು. ಅಲ್ಲಿ ತಯಾರಾದ ಒಂದು ಹಳೆಯ ಗಾಡಿಯು ಅವನ ತಾತನ ಮನೆಯಲ್ಲಿ ಉಳಿದಿತ್ತು. ಹುಡುಗನು ಅದನ್ನು ಬಿಚ್ಚಿ ಕೂಡಿಸುತ್ತಲೇ ದೊಡ್ಡವನಾದನು.

ಮುಂದೆ ಅವನು ಇಂಜಿನಿಯರಾಗಿ ಬೆಂಗಳೂರಿನಲ್ಲಿ ಕೈತುಂಬ ಸಂಬಳದ ಕೆಲಸವನ್ನು ಹಿಡಿದನು. ಹೋದ ವರ್ಷ ಅದನ್ನು ಬಿಟ್ಟುಬಿಟ್ಟು, ಸವಾರಿಯನ್ನು ಕಲಿಸುವ ಶಾಲೆಯೊಂದರಲ್ಲಿ ಶಿಕ್ಷಕನಾಗುತ್ತೇನೆಂದು ತಾಯಿಗೆ ಹೇಳಿದನು. ತಂಗಿಯು ಅಳುತ್ತ ನನ್ನ ಬಳಿಗೆ ಬಂದಳು. “ಅಣ್ಣ, ನೀನು ಮೇಷ್ಟರು. ನಿನ್ನ ಮಾತನ್ನಾದರೂ ಕೇಳಿಯಾನು. ಒಂದು ಸಲ ಹೋಗಿ, ಬುದ್ಧಿ ಹೇಳಿ ಕರೆದುಕೊಂಡು ಬಾ,” ಎಂದಳು. ಹಾಗೆಯೇ ಮಾಡುತ್ತೇನೆಂದು ಮಾತು ಕೊಟ್ಟು ರಾತ್ರಿಯ ರೈಲನ್ನು ಹತ್ತಿದೆನು.

ಆ ಪಥವಿರುವುದು ಚೆನ್ನೈಗೆ ಪಶ್ಚಿಮದಲ್ಲಿ, ಶ್ರೀಪೆರುಂಬುದೂರಿನ ಸಮೀಪದ ಇರುಂಗಾಟ್ಟುಕೋಟೆ ಎಂಬಲ್ಲಿ. ಮೇಲುಕೋಟೆಯ ನೆನಪಿರುವ ನಮಗೆ ಶ್ರೀಪೆರುಂಬುದೂರೆಂದರೆ ರಾಮಾನುಜಾಚಾರ್ಯರು ಅವತರಿಸಿದ ಊರು. ಅಂತಹ ಊರಿನ ಮಗ್ಗುಲಲ್ಲಿ 1990ರಿಂದ ಇಂತಹ ಪಥವೊಂದಿರುವುದು ನನಗೆ ತಿಳಿದೇ ಇರಲಿಲ್ಲ. ಅದರ ಉದ್ದ ಸುಮಾರು 3.7 ಕಿಲೋಮೀಟರು; ತಿರುವುಗಳು 12. ಅಲ್ಲಿ ಎಲ್ಲರೂ ಒಂದೇ ದಿಕ್ಕಿನಲ್ಲಿ ಓಡಬೇಕು. ಎದುರಿಗೆ ಬರುವ ಲಾರಿಯಿಲ್ಲ, ಅಡ್ಡ ಬರುವ ದನವಿಲ್ಲ. ತಿರುವುಗಳಲ್ಲಿ ಬಾವುಟ ಹಿಡಿದ ಕಾವಲಿನವರು ನಿಂತಿರುತ್ತಾರೆ. ಹಳದಿಯ ಬಾವುಟವು ಎಚ್ಚರಿಕೆಗೆ, ಕೆಂಪು ಬಾವುಟವು ಓಟವನ್ನು ನಿಲ್ಲಿಸುವುದಕ್ಕೆ. ಒಂದು ಕಡೆ ಆಂಬುಲೆನ್ಸು ಸಿದ್ಧವಾಗಿತ್ತು. ಸವಾರರೆಲ್ಲರೂ ಕುರುಕ್ಷೇತ್ರಕ್ಕೆ ಹೊರಟವರಂತೆ ದಪ್ಪ ಚರ್ಮದ ಕವಚವನ್ನು ತೊಟ್ಟು, ಶಿರಸ್ತ್ರಾಣವನ್ನು ಧರಿಸಿದ್ದರು.

ಬುದ್ಧಿ ಹೇಳುವುದಕ್ಕೆ ಮೊದಲು ಪಾಠವನ್ನು ಕೇಳೋಣವೆಂದು ಹಿಂದಿನ ಸಾಲಿನಲ್ಲಿ ಕುಳಿತೆನು. ವೇಗವಾಗಿ ಹೋಗುತ್ತಿರುವ ಗಾಡಿಯು ಎಡಕ್ಕೆ ತಿರುಗಬೇಕಾದರೆ ಎಡಗೈಯ ಹಿಡಿಯನ್ನು ಮುಂದಕ್ಕೆ ಒತ್ತಬೇಕಂತೆ! ಆಗ ಮುಂಚಕ್ರವು ಕ್ಷಣಮಾತ್ರ ಬಲಕ್ಕೆ ಸರಿದು, ಗಾಡಿಯು ಎಡಕ್ಕೆ ವಾಲಿ, ಎಡಕ್ಕೇ ತಿರುಗುವುದು. ಸೈಕಲ್ಲು ತುಳಿಯುವವರೆಲ್ಲರೂ ಇದನ್ನು ತಿಳಿಯದೆಯೇ ಮಾಡುತ್ತಾರೆ. ವಿಮಾನವನ್ನು ಹಾರಿಸಿದ ವಿಲ್ಬರ್ ರೈಟನು ಹಲವು ಮಂದಿ ಸೈಕಲ್ಲು ಸವಾರರನ್ನು ಈ ವಿಷಯವಾಗಿ ಕೇಳಿದಾಗ, ಸರಿಯಾಗಿ ಹೇಳಬಲ್ಲವರು ಒಬ್ಬರೂ ಸಿಕ್ಕಲಿಲ್ಲವಂತೆ. ಮಾಡಬಲ್ಲವನು ಹೇಳಬಲ್ಲವನಾಗಿರಬೇಕೆಂಬ ನಿಯಮವಿಲ್ಲ. ಈ ಪ್ರಶ್ನೆಯನ್ನೇ ಹಿಡಿದು ಕಾಳಿದಾಸನು ಮಾಳವಿಕಾಗ್ನಿಮಿತ್ರದ ಮೊದಲನೆಯ ಅಂಕದಲ್ಲಿ ಇಬ್ಬರು ನಾಟ್ಯಾಚಾರ್ಯರ ಕಲಹವನ್ನು ತಂದಿದ್ದಾನೆ. ವರ್ಷವರ್ಷವೂ ಅದನ್ನು ಪಾಠ ಹೇಳಿದವನು ನಾನು. ಅದು ನನಗೇ ಅನ್ವಯಿಸೀತೆಂದು ಒಂದು ದಿನವೂ ಯೋಚಿಸಿದವನಲ್ಲ.

ಈ ಬಗೆಯ ಶಿಕ್ಷಣಕ್ಕೆ ಹೆಸರಾದವರು ಅಮೆರಿಕಾ ದೇಶದ ಕೀತ್ ಕೋಡ್ ಎಂಬವರು. ಅವರು 1980ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇಂತಹ ಶಾಲೆಯನ್ನು ಸ್ಥಾಪಿಸಿದರು. 1983ರಲ್ಲಿ ಗ್ರಂಥವನ್ನೂ ಪ್ರಕಟಿಸಿದರು. ಸವಾರನ ಗಮನವನ್ನು ಅವರು ಜೇಬಿನಲ್ಲಿರುವ ಹತ್ತು ಡಾಲರಿಗೆ ಹೋಲಿಸುತ್ತಾರೆ. ಭಯಕ್ಕೆ ಐದನ್ನು ಖರ್ಚು ಮಾಡಿದವನಿಗೆ ಮಿಕ್ಕ ಕೆಲಸಗಳಿಗೆಲ್ಲ ಉಳಿಯುವುದು ಐದೇ. ಅಭ್ಯಾಸವು ಬಲಿತಂತೆ ಖರ್ಚು ಇಳಿಯುವುದು. ಚಿತ್ತೈಕಾಗ್ರತೆಯನ್ನು ಕುರಿತು ನಾನು ಎಷ್ಟೋ ಶ್ಲೋಕಗಳನ್ನು ಬಾಯಿಪಾಠ ಮಾಡಿಸಿದ್ದೇನೆ. ಹುಡುಗರ ಮನಸ್ಸಿಗೆ ಇಷ್ಟು ಸುಲಭವಾಗಿ ಹಿಡಿಸುವಂತೆ ಹೇಳಿದ ನೆನಪಿಲ್ಲ.

ವೇಗವಾಗಿ ಓಡಿಸಬಲ್ಲವನೆಲ್ಲ ಶಿಕ್ಷಕನಾಗುವನೆಂದು ನಾನು ತಿಳಿದಿದ್ದೆನು. ಹಾಗಲ್ಲವೆಂದು ಅಳಿಯನು ಹೇಳಿದನು. ಮೊದಲನೆಯ ಕೆಲವು ವಾರಗಳು ಅವನಿಗೆ ಗಾಡಿಯನ್ನೇ ಕೊಡಲಿಲ್ಲವಂತೆ. ಒಂದೇ ತಿರುವಿನಲ್ಲಿ ನಿಂತು, ಬಂದವರೆಲ್ಲರ ತಲೆ, ತೋಳು, ಮೊಣಕಾಲುಗಳನ್ನು ನೋಡಿ ಬರೆದುಕೊಳ್ಳುವುದೇ ಕೆಲಸ. ಆಮೇಲೆ ಹಿರಿಯ ಶಿಕ್ಷಕರೊಬ್ಬರು ಬೇಕೆಂದೇ ಒಂದು ತಪ್ಪನ್ನು ಮಾಡುತ್ತ ಮುಂದೆ ಓಡಿಸುವರು. ಇವನು ಹಿಂದೆ ಹೋಗಿ, ತಪ್ಪು ಯಾವುದೆಂದು ಕಂಡುಹಿಡಿಯಬೇಕು. “ಶಿಷ್ಯನೊಡನೆ ಪಂದ್ಯ ಕಟ್ಟಿದವನನ್ನು ಅಂದೇ ಮನೆಗೆ ಕಳುಹಿಸುತ್ತಾರೆ, ಮಾವ,” ಎಂದನು.

ಆ ದಿನ ಅವನ ಪಾಲಿಗೆ ಬಂದಿದ್ದವರಲ್ಲಿ ಸುಮಾರು ನಲವತ್ತು ವರ್ಷದ ಡಾಕ್ಟರೊಬ್ಬರಿದ್ದರು. ಅವರ ತೋಳುಗಳು ಕಟ್ಟಿಗೆಯಂತೆ ಬಿಗಿದಿದ್ದವು. ದೃಷ್ಟಿಯು ಮುಂಚಕ್ರದ ಮೇಲೆಯೇ ನೆಟ್ಟಿತ್ತು. ತಿರುವಿನ ನಡುವೆ ಹೆದರಿ ಆಕ್ಸಿಲರೇಟರನ್ನು ಫಕ್ಕನೆ ಬಿಡುತ್ತಿದ್ದರು. ಅಷ್ಟು ಹೊತ್ತಿಗೆ ಪಂಡಿತನಾಗಿಬಿಟ್ಟಿದ್ದ ನನಗೇ ಐದಾರು ದೋಷಗಳು ಕಂಡವು. ಅಳಿಯನು ಅವರ ಹಿಂದೆ ಎರಡು ಸುತ್ತು ಹೋದನು. ಬಳಿಕ ಮುಂದಕ್ಕೆ ಬಂದು, ತನ್ನ ಗಾಡಿಯ ಹಿಂಭಾಗವನ್ನು ತಟ್ಟಿ, ‘ನನ್ನನ್ನು ಹಿಂಬಾಲಿಸಿ’ ಎಂದು ಸನ್ನೆ ಮಾಡಿದನು. ಹಿಂದಿರುಗಿದ ಮೇಲೆ, “ತಿರುವಿನೊಳಗೆ ಹೋಗುವ ಮೊದಲೇ ಅದರ ಕೊನೆಯನ್ನು ನೋಡಿ, ಡಾಕ್ಟರೇ. ಈ ಸಲ ಅದೊಂದೇ ಸಾಕು,” ಎಂದನು. ಮುಂದಿನ ಸರದಿಯಲ್ಲಿ ಡಾಕ್ಟರ ತೋಳುಗಳು ತಾವಾಗಿಯೇ ಸಡಿಲಗೊಂಡಿದ್ದುದನ್ನು ನಾನು ಕಣ್ಣಾರೆ ಕಂಡೆನು.

“ಉಳಿದ ತಪ್ಪುಗಳನ್ನು ಏಕಪ್ಪಾ ಹೇಳಲಿಲ್ಲ?” ಎಂದು ಕೇಳಿದೆನು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆರನ್ನೂ ಒಟ್ಟಿಗೆ ಹೇಳಿದರೆ ಒಂದೂ ಕೇಳಿಸುವುದಿಲ್ಲ, ಮಾವ. ನನಗೆ ಗೊತ್ತು,” ಎಂದನು.

ಅವನಿಗೆ ಗೊತ್ತಿರುವುದು ಹೇಗೆಂಬುದು ನನಗೂ ಗೊತ್ತಿತ್ತು. ಎಂಟನೆಯ ತರಗತಿಯಲ್ಲಿ ಅವನು ನನ್ನ ಶಿಷ್ಯನಾಗಿದ್ದನು. ಶಬ್ದರೂಪಗಳನ್ನು ಒಪ್ಪಿಸುವಾಗ ಒಂದು ಕಡೆ ತಡವರಿಸಿದರೆ, ನಾನು ಉಚ್ಚಾರಣೆ, ವಿಭಕ್ತಿ, ನಿಂತ ಭಂಗಿ, ಕೈಬರಹ ಎಲ್ಲವನ್ನೂ ಒಂದೇ ಉಸಿರಿನಲ್ಲಿ ತಿದ್ದುತ್ತಿದ್ದೆನು. ಒಂದು ದಿನ ತರಗತಿಯ ಎದುರಿಗೇ ‘ಮಂದಮತಿ’ ಎಂದುಬಿಟ್ಟೆನು. ತಂದೆಯಿಲ್ಲದ ಹುಡುಗನು. ಅವನು ತಲೆ ತಗ್ಗಿಸಿ ಕುಳಿತುದು ಇಷ್ಟು ವರ್ಷಗಳ ಮೇಲೆ, ಆ ಬಿಸಿಲಿನಲ್ಲಿ, ನನ್ನ ಕಣ್ಣೆದುರಿಗೆ ಬಂದು ನಿಂತಿತು.

ಸಂಜೆ ಸವಾರನೊಬ್ಬನು ಜಾರಿ ಬಿದ್ದನು. ಕೆಂಪು ಬಾವುಟವೇರಿತು, ನನ್ನ ಪ್ರಾಣವು ಬಾಯಿಗೆ ಬಂದಿತು. ಆ ತರುಣನು ಧೂಳನ್ನು ಕೊಡವಿಕೊಂಡು ಎದ್ದು ನಡೆದುಬಂದನು. ಆಗ ಅಳಿಯನು ಹೇಳಿದನು: “ಇಲ್ಲಿ ಅಪಾಯವೇ ಇಲ್ಲವೆಂದು ಅಮ್ಮನಿಗೆ ಸುಳ್ಳು ಹೇಳಬೇಡಿ. ಆದರೆ ಇಷ್ಟನ್ನು ಹೇಳಿ. ಅಪ್ಪ ಇಪ್ಪತ್ತು ವರ್ಷ ಸ್ಕೂಟರು ಓಡಿಸಿದರು. ಬ್ರೇಕನ್ನು ಹೇಗೆ ಹಿಡಿಯಬೇಕು, ಕಣ್ಣನ್ನು ಎಲ್ಲಿ ಇಡಬೇಕು ಎಂದು ಅವರಿಗೆ ಯಾರೂ ಒಂದು ದಿನವೂ ಕಲಿಸಲಿಲ್ಲ.” ಕಲಿಸಿದ್ದರೆ ಅವರು ಉಳಿಯುತ್ತಿದ್ದರೆಂದು ಅವನು ಹೇಳಲಿಲ್ಲ, ನಾನೂ ಹೇಳಲಾರೆ. ಹೇಳಬೇಕೆಂದು ಕಟ್ಟಿಕೊಂಡು ಬಂದಿದ್ದ ಬುದ್ಧಿಮಾತುಗಳೆಲ್ಲ ನನ್ನಲ್ಲಿಯೇ ಉಳಿದುವು. ಅದರ ಬದಲು, ಎಂಟನೆಯ ತರಗತಿಯ ಆ ಮಾತಿಗಾಗಿ ಅವನಲ್ಲಿ ಕ್ಷಮೆ ಬೇಡಿದೆನು. ಅವನು ನಾಚಿಕೊಂಡು, “ಬಿಡಿ, ಮಾವ. ಕಾಫಿ ಕುಡಿಯೋಣ,” ಎಂದನು.

ಊರಿಗೆ ಬಂದು ತಂಗಿಗೆ ಕಂಡುದನ್ನೆಲ್ಲ ಹೇಳಿದೆನು. ಆ ತರುಣನು ಬಿದ್ದುದನ್ನೂ ಮುಚ್ಚಲಿಲ್ಲ. ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, “ಪ್ರತಿದಿನ ಗಾಡಿಯಿಂದ ಇಳಿದ ಮೇಲೆ ಟೆಲಿಫೋನು ಮಾಡಲಿ. ಅಷ್ಟಾದರೆ ಸಾಕು,” ಎಂದಳು. ಅಂದಿನಿಂದ ಅವನು ಆ ಮಾತನ್ನು ತಪ್ಪಿಸಿಲ್ಲ. ಅವಳ ಭಯವು ಹೋಗಿದೆಯೆಂದು ಹೇಳಲಾರೆ, ನನ್ನದೂ ಹೋಗಿಲ್ಲ.

ನೆರೆಮನೆಯ ಹುಡುಗಿಯೊಬ್ಬಳು ಈಗ ಅಮರಕೋಶವನ್ನು ಹೇಳಿಸಿಕೊಳ್ಳಲು ನನ್ನ ಬಳಿಗೆ ಬರುತ್ತಾಳೆ. ಅವಳು ತಪ್ಪಿದಾಗ ನಾನು ಒಂದನ್ನು ಮಾತ್ರ ತಿದ್ದಿ, ಉಳಿದವನ್ನು ನಾಳೆಗೆ ಬಿಡುತ್ತೇನೆ. ಅರವತ್ತನೆಯ ವಯಸ್ಸಿನಲ್ಲಿ ಇದು ಕಷ್ಟವಾದ ಅಭ್ಯಾಸವೇ ಸರಿ.