ಕಾರವಾರದ ಕಡಲು, ಪುಟ್ಟಿಯ ಕಿವಿ

ಡಿಸೆಂಬರಿನ ಕೊನೆಯ ವಾರ ಬೆಂಗಳೂರಿನಿಂದ ಕಾರವಾರಕ್ಕೆ ಹೊರಟ ಸಂಸಾರವೊಂದರ ಸಾಮಾನುಗಳಲ್ಲಿ ಎಲ್ಲರ ಸಾಮಾನಿನಲ್ಲಿ ಇರುವುದೆಲ್ಲವೂ ಇತ್ತು. ಚಪಾತಿ, ಚಟ್ನಿಪುಡಿ, ಮೊಸರನ್ನದ ಡಬ್ಬಿ, ಅಜ್ಜಿಯ ಶಾಲು, ಈಜುಡುಗೆ, ಮರಳಿನಲ್ಲಿ ಆಡುವ ಬಕೆಟ್ಟು. ಇವಲ್ಲದೆ ಒಂದು ಚಿಕ್ಕ ಪ್ಲಾಸ್ಟಿಕ್ ಡಬ್ಬಿಯೂ ತಾಯಿಯ ಕೈಚೀಲದಲ್ಲಿತ್ತು. ಅದರೊಳಗೆ ಅರಳೆ, ವ್ಯಾಸಲೀನ್, ಮೇಣದಂತೆ ಮೆತ್ತನೆಯ ಎರಡು ಜೊತೆ ಕಿವಿಬಿರಡೆ, ಮತ್ತು ತಲೆಗೆ ಸುತ್ತಿ ಕಿವಿಗಳನ್ನು ಮುಚ್ಚುವ ರಬ್ಬರಿನ ಪಟ್ಟಿ. ಇಷ್ಟೆಲ್ಲ ಐದು ವರ್ಷದ ಪುಟ್ಟಿಯ ಸಲುವಾಗಿ.

ಪುಟ್ಟಿಯ ಕಿವಿಯ ಕಥೆ ಒಂದು ವರ್ಷದ್ದು. ಕರೆದರೆ ಓಗೊಡುತ್ತಿರಲಿಲ್ಲ. ಟೆಲಿವಿಷನ್ನಿನ ಸದ್ದನ್ನು ಏರಿಸುವಳು. ಏರಿಸಿದ್ದು ಸಾಲದೆಂಬಂತೆ ಅದರ ಮುಂದೆಯೇ ಹೋಗಿ ಕೂರುವಳು. ಹಟಮಾರಿ, ಪರಾಕು ಎಂದು ಮನೆಯಲ್ಲಿ ಹೆಸರಾಯಿತು. “ಎಷ್ಟು ಸಲ ಕೂಗಬೇಕೇ ನಿನ್ನ?” ಎಂದು ತಂದೆ ಗದರಿಸಿದ್ದುಂಟು, ಒಂದೆರಡು ಬಾರಿ ಬೆನ್ನಿಗೆ ಏಟೂ ಬಿದ್ದಿತ್ತು. ಕೊನೆಗೆ ಶಾಲೆಯ ಉಪಾಧ್ಯಾಯಿನಿ, “ಮಗು ನನ್ನ ಮುಖ ನೋಡುತ್ತಿರುವಾಗ ಎಲ್ಲಕ್ಕೂ ಉತ್ತರ ಹೇಳುತ್ತಾಳೆ, ನಾನು ಬೋರ್ಡಿನ ಕಡೆ ತಿರುಗಿದರೆ ಇಲ್ಲ. ಒಮ್ಮೆ ಕಿವಿ ತೋರಿಸಿ” ಎಂದಮೇಲೆ ವೈದ್ಯರಲ್ಲಿಗೆ ಹೋದದ್ದು.

ತಮಟೆಯ ಹಿಂದಿನ ನಡುಗಿವಿಯಲ್ಲಿ ಗಾಳಿ ಇರಬೇಕಾದ ಕಡೆ ಅಂಟಿನಂಥ ದ್ರವ ತುಂಬಿಕೊಂಡಿತ್ತು. ನಡುಗಿವಿಯಿಂದ ಗಂಟಲ ಹಿಂಭಾಗಕ್ಕೆ ಒಂದು ಸಣ್ಣ ನಾಳವುಂಟು. ಅದು ತೆರೆದು ಮುಚ್ಚುತ್ತ ಒಳಕ್ಕೆ ಗಾಳಿ ಬಿಡಬೇಕು. ಎಳೆಯ ಮಕ್ಕಳಲ್ಲಿ ಈ ನಾಳ ಗಿಡ್ಡ, ಮೇಲಾಗಿ ಹೆಚ್ಚುಕಡಿಮೆ ಅಡ್ಡಡ್ಡಲಾಗಿ ಮಲಗಿರುತ್ತದೆ. ಆದ್ದರಿಂದ ನೆಗಡಿಯಾದಾಗಲೆಲ್ಲ ಕಟ್ಟಿಕೊಳ್ಳುವುದು ಸುಲಭ. ಬಹುಪಾಲು ಮಕ್ಕಳಲ್ಲಿ ಈ ದ್ರವ ತಾನಾಗಿಯೇ ಇಂಗುತ್ತದೆಂದು ವೈದ್ಯರು ಮೂರು ತಿಂಗಳು ಕಾದು ನೋಡಿದರು. ಇಂಗಲಿಲ್ಲ. ಎರಡು ತಮಟೆಗಳಲ್ಲಿಯೂ ಗ್ರಾಮೆಟ್ ಎಂಬ ಅತಿ ಚಿಕ್ಕ ನಳಿಗೆಯನ್ನು ಕೂರಿಸಿದರು. ಅದರ ತೂತು ಸುಮಾರು ಒಂದು ಮಿಲಿಮೀಟರು. ಆರು ತಿಂಗಳಿಗೋ ವರ್ಷಕ್ಕೋ ತಾನೇ ಉದುರಿಹೋಗುವ ವಸ್ತು. ಮನೆಗೆ ಬಂದ ಸಂಜೆ ಪುಟ್ಟಿ ಅಡಿಗೆಮನೆಯ ಬಾಗಿಲಲ್ಲಿ ನಿಂತು, ಒಗ್ಗರಣೆಯ ಸಾಸಿವೆ ಸಿಡಿಯುವುದನ್ನು ಹೊಸದೊಂದು ಆಟದಂತೆ ಕೇಳಿದಳು. ತಂದೆ ಆ ರಾತ್ರಿ ಹೆಚ್ಚು ಮಾತನಾಡಲಿಲ್ಲ.

ಪ್ರವಾಸ ಗೊತ್ತಾದದ್ದು ಇದಾದ ಎರಡು ತಿಂಗಳಿಗೆ. ಪುಟ್ಟಿಯ ಅಣ್ಣ, ಹತ್ತು ವರ್ಷದ ಹುಡುಗ, ಬೇಸಗೆಯಲ್ಲಿ ಬಸವನಗುಡಿಯ ಈಜುಕೊಳದಲ್ಲಿ ಈಜು ಕಲಿತಿದ್ದ; ಕಡಲಲ್ಲಿ ಈಜಬೇಕೆಂಬುದು ಅವನ ಹಂಬಲ. ಆದರೆ ಕಿವಿಯಲ್ಲಿ ತೂತಿರುವ ಮಗುವನ್ನು ನೀರಿಗೆ ಇಳಿಸುವುದೆ? “ಅವಳು ನನ್ನ ಜೊತೆ ಮರಳಲ್ಲಿ ಆಡಿಕೊಂಡಿರ್ತಾಳೆ ಬಿಡು” ಎಂದರು ಅಜ್ಜಿ. ಅಣ್ಣ ನೀರಾಡುವುದನ್ನು ಆರು ದಿನ ದಡದಲ್ಲಿ ಕುಳಿತು ನೋಡುವುದು ಐದು ವರ್ಷದವರಿಗೆ ಎಂಥ ಶಿಕ್ಷೆಯೆಂದು ದೊಡ್ಡವರು ಮರೆತಿರುತ್ತಾರೆ.

ಬೆಂಗಳೂರಿನ ವೈದ್ಯರು ನಕ್ಕುಬಿಟ್ಟರು. ಅಷ್ಟು ಸಣ್ಣ ತೂತಿನೊಳಕ್ಕೆ ನೀರು ಸುಲಭವಾಗಿ ನುಗ್ಗಲಾರದು. ನೀರಿನ ಮೇಲ್ಮೈಯ ಬಿಗಿತವೇ ಅದನ್ನು ತಡೆಯುತ್ತದೆ. ತಲೆ ಮೇಲಿಟ್ಟುಕೊಂಡು ಆಡಲಿ, ತೇಲಲಿ, ಅಡ್ಡಿಯಿಲ್ಲ. ಮುಳುಗುಹಾಕುವುದು, ಮೇಲಿಂದ ಧುಮುಕುವುದು ಬೇಡ. ಆಳದಲ್ಲಿ ಒತ್ತಡ ಹೆಚ್ಚುತ್ತದೆ. ಗ್ರಾಮೆಟ್ ಇರುವ ಎಲ್ಲ ಮಕ್ಕಳಿಗೂ ಬಿರಡೆ, ಪಟ್ಟಿಗಳನ್ನು ವಾಡಿಕೆಯಂತೆ ಕಡ್ಡಾಯ ಮಾಡಬೇಕಿಲ್ಲವೆಂದು ಅಮೆರಿಕದ ಕಿವಿ, ಮೂಗು, ಗಂಟಲು ತಜ್ಞರ ಅಕಾಡೆಮಿ 2013ರಲ್ಲಿ ಹೇಳಿದೆ, 2022ರಲ್ಲಿ ಮತ್ತೆ ಅದನ್ನೇ ಹೇಳಿದೆ. ವೈದ್ಯರಿಗೆ ಹೆದರಿಕೆಯಿದ್ದುದು ಬೇರೆ ಕಡೆ. ಸಾಬೂನು ಬೆರೆತರೆ ನೀರಿನ ಆ ಬಿಗಿತ ಸಡಿಲವಾಗಿ ನಳಿಗೆಯೊಳಕ್ಕೆ ಇಳಿಯುವುದು ಸುಲಭವಾಗುತ್ತದೆ. ಸೀಗೆಪುಡಿಯ ನೊರೆಯೂ ಅದೇ ಜಾತಿ. ಹಾಗೆ ನೋಡಿದರೆ ಪುಟ್ಟಿಯ ಕಿವಿಗೆ ಅರಬೀ ಸಮುದ್ರಕ್ಕಿಂತ ಭಾನುವಾರದ ಎಣ್ಣೆನೀರಿನ ಬಚ್ಚಲುಮನೆಯೇ ಹೆಚ್ಚು ಅಪಾಯದ ಸ್ಥಳ! ಇಷ್ಟು ಕೇಳಿಯೂ ತಾಯಿ ಡಬ್ಬಿಯನ್ನು ತುಂಬಿಸಿಕೊಂಡಳು. ತಾಯಿಯ ಧೈರ್ಯಕ್ಕೆ ಶಾಸ್ತ್ರವೊಂದೇ ಸಾಲುವುದಿಲ್ಲ.

ರೈಲು ಸಂಜೆ ಬೆಂಗಳೂರು ಬಿಟ್ಟು ನಡುರಾತ್ರಿಯ ಸುಮಾರಿಗೆ ಘಟ್ಟ ಇಳಿಯುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳು. ಎಲ್ಲವನ್ನೂ ಎಣಿಸಿಯೇ ತೀರುವೆನೆಂದು ಅಣ್ಣ ಕಿಟಕಿಗೆ ಅಂಟಿಕೊಂಡಿದ್ದ. ಹತ್ತೊಂಬತ್ತಕ್ಕೆ ಲೆಕ್ಕ ತಪ್ಪಿತು. ಕಿವಿ ಗವ್ವೆಂದು ಕಟ್ಟಿಕೊಂಡಿತೆಂಬುದು ಅವನ ದೂರು. ನೂರಾರು ಮೀಟರು ಕೆಳಗಿಳಿಯುವಾಗ ಹೊರಗಿನ ಗಾಳಿಯ ಒತ್ತಡ ಏರಿ ತಮಟೆಯನ್ನು ಒಳಕ್ಕೆ ಅದುಮುತ್ತದೆ. ಉಗುಳು ನುಂಗಿದರೆ, ಆಕಳಿಸಿದರೆ ಆ ಗಂಟಲ ನಾಳ ತೆರೆದುಕೊಂಡು ಸರಿಹೋಗುತ್ತದೆ. ಅವನಿಗೊಂದು ಪೆಪ್ಪರಮಿಂಟು, ಅಜ್ಜಿಗೊಂದು ಲವಂಗ. ಪುಟ್ಟಿ ಮಾತ್ರ ಸುಖನಿದ್ರೆಯಲ್ಲಿದ್ದಳು. ತಮಟೆಯ ಎರಡು ಬದಿಗೂ ಗಾಳಿ ಓಡಾಡಲು ದಾರಿಯಿದ್ದದ್ದರಿಂದ ಆ ಡಬ್ಬಿಯಲ್ಲಿ ಘಟ್ಟದ ಕಾಟ ತಟ್ಟದಿದ್ದದ್ದು ಬಹುಶಃ ಅವಳೊಬ್ಬಳಿಗೇ.

ಬೆಳಗ್ಗೆ ಎಡಗಡೆಯ ಕಿಟಕಿಗಳಲ್ಲಿ ತೆಂಗು, ಗದ್ದೆ, ಹಿನ್ನೀರು. ಹೊನ್ನಾವರದ ಬಳಿ ಶರಾವತಿಯ ಮೇಲೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ. ಅಲ್ಲಿ ನದಿ ಮುಗಿದು ಕಡಲು ಎಲ್ಲಿ ತೊಡಗಿತೆಂದು ಹೇಳುವುದು ಕಷ್ಟ. ಅದಾದಮೇಲೆ ಕುಮಟೆ, ಅಂಕೋಲೆ, ಕಾರವಾರ.

ಕಾರವಾರದ ಕಡಲತೀರ ಊರಿನ ಮಡಿಲಲ್ಲೇ ಇದೆ. ಹೆದ್ದಾರಿಯನ್ನು ದಾಟಿದರೆ ಮರಳು. ಅರ್ಧಚಂದ್ರದಂತೆ ಬಾಗಿದ ತೀರ, ಹಿಂದೆ ಹಸಿರುಬೆಟ್ಟ, ದಕ್ಷಿಣಕ್ಕೆ ಬೈತಖೋಲದ ಬಂದರು, ಉತ್ತರಕ್ಕೆ ಕಾಳಿ ನದಿ ಕಡಲು ಸೇರುವ ಅಳಿವೆ, ಅದರಾಚೆ ಸದಾಶಿವಗಡದ ಗುಡ್ಡ. ದೂರದಲ್ಲಿ ಆಮೆಯ ಬೆನ್ನಿನಂತೆ ಕೂರ್ಮಗಡ. ದಡದಲ್ಲಿ ನೌಕಾಪಡೆಯ ಹಳೆಯ ಹಡಗು ‘ಚಪಲ್’ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಬೆಟ್ಟ ಮತ್ತು ದ್ವೀಪಗಳ ಆಸರೆಯಿರುವುದರಿಂದ ಮಳೆಗಾಲ ಕಳೆದಮೇಲೆ ಇಲ್ಲಿಯ ಅಲೆಗಳಿಗೆ ಅಷ್ಟು ಆರ್ಭಟವಿಲ್ಲ.

ಈ ತೀರಕ್ಕೆ ರವೀಂದ್ರನಾಥ ಠಾಕೂರರ ಹೆಸರಿಟ್ಟಿರುವುದು ಸುಮ್ಮನಲ್ಲ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ಇಪ್ಪತ್ತೆರಡರ ತರುಣ ಕವಿ ಬಂದು ಉಳಿದಿದ್ದರು. ‘ಪ್ರಕೃತಿರ್ ಪ್ರತಿಶೋಧ್’ ನಾಟಕವನ್ನು ಬರೆದದ್ದು ಈ ಊರಿನಲ್ಲಿಯೇ. ಬೆಳದಿಂಗಳ ರಾತ್ರಿಯೊಂದರಲ್ಲಿ ಕಾಳಿಯ ಮೇಲೆ ದೋಣಿಯಲ್ಲಿ ಹೋಗಿ, ಅಳಿವೆಯಿಂದ ಮರಳಿನ ಮೇಲೆ ನಡೆದೇ ಮನೆಗೆ ಮರಳಿದ್ದನ್ನೂ ಆ ರಾತ್ರಿಯ ನಿಶ್ಶಬ್ದವನ್ನೂ ತಮ್ಮ ಆತ್ಮಕಥನದಲ್ಲಿ ನೆನೆದಿದ್ದಾರೆ.

ಪುಟ್ಟಿಗೆ ಸಿಕ್ಕ ಕಾರವಾರ ನಿಶ್ಶಬ್ದದ್ದಲ್ಲ. ಮರಳಿಗೆ ಕಾಲಿಟ್ಟವಳೇ ನಿಂತುಬಿಟ್ಟಳು. ಎರಡೂ ಅಂಗೈಗಳಿಂದ ಕಿವಿ ಮುಚ್ಚಿದಳು, ತೆಗೆದಳು, ಮತ್ತೆ ಮುಚ್ಚಿದಳು.

“ಅಪ್ಪ, ಇದು ಯಾವಾಗ ಸುಮ್ಮನಾಗತ್ತೆ?”

ಹಿಂದಿನ ವರ್ಷ ಮಲ್ಪೆಯಲ್ಲಿ ಇದೇ ಮಗು ಅಲೆಗಳಿಗೆ ಬೆನ್ನುಹಾಕಿ ಕುಳಿತು, ಹಿಂದೆ ಏನೂ ನಡೆಯುತ್ತಿಲ್ಲವೆಂಬಂತೆ ಮರಳು ತೋಡುತ್ತಿತ್ತು. “ಎಷ್ಟು ಶಾಂತಸ್ವಭಾವ” ಎಂದು ಆಗ ಎಲ್ಲರೂ ಮೆಚ್ಚಿದ್ದರು. ತಂದೆ ಏನೂ ಹೇಳಲಾರದೆ ಅವಳನ್ನು ಎತ್ತಿಕೊಂಡ.

ಮೊದಲ ದಿನ ಬಿರಡೆ ತುರುಕಿ, ಪಟ್ಟಿ ಬಿಗಿದು, ಪುಟ್ಟಿಯನ್ನು ಮೊಣಕಾಲುದ್ದದ ನೀರಿಗೆ ಇಳಿಸುವಷ್ಟರಲ್ಲಿ ಅರ್ಧ ಗಂಟೆ. ಪಟ್ಟಿ ಜಾರುವುದು, ಅವಳು ಅಳುವುದು, ಮತ್ತೆ ಕಟ್ಟುವುದು. ತಂದೆ ತಾಯಿ ಇಬ್ಬರೂ ಆ ಒಂದು ತಲೆಯ ಮೇಲೆ ಬಾಗಿದ್ದಾಗ ಜೀವರಕ್ಷಕನ ಸೀಟಿ ಕೂಗಿತು. ಅಣ್ಣ ಎದೆಮಟ್ಟದ ನೀರಿಗೆ ಹೋಗಿಬಿಟ್ಟಿದ್ದ! ಈಜುಕೊಳದ ಈಜು ಬೇರೆ, ಹಿಂದಕ್ಕೆಳೆಯುವ ಕಡಲಿನ ನೀರು ಬೇರೆ. ಇದೇ ಕರಾವಳಿಯ ಮುರ್ಡೇಶ್ವರದಲ್ಲಿ 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಬಾಲಕಿಯರು ನೀರುಪಾಲಾದದ್ದನ್ನು ಯಾರು ಮರೆತಾರು? ಅಂದಿನಿಂದ ಒಬ್ಬೊಬ್ಬ ಮಗುವಿಗೆ ಒಬ್ಬೊಬ್ಬ ದೊಡ್ಡವರೆಂದು ಗೊತ್ತಾಯಿತು. ಪಟ್ಟಿ ಡಬ್ಬಿ ಸೇರಿತು. ಪುಟ್ಟಿ ಬರಿಗಿವಿಯಲ್ಲಿ, ತಾಯಿಯ ಕೈಹಿಡಿದು, ಸಣ್ಣ ಅಲೆಗಳ ಮೇಲೆ ಹಾರತೊಡಗಿದಳು.

ಅಣ್ಣನಿಗೆ ಕಡಲು ಸಾಲದು. ಬೆಳಗ್ಗೆ ಕಡಲು, ಮಧ್ಯಾಹ್ನ ವಸತಿಗೃಹದ ಈಜುಕೊಳ. ತಳಕ್ಕೆ ಮುಳುಗಿ ನಾಣ್ಯ ಹೆಕ್ಕುವ ಆಟವನ್ನು ದಿನಕ್ಕೆ ಐವತ್ತು ಸಲ ಆಡಿದ. ಕಿವಿಯಲ್ಲಿ ನೀರು ಗುಳುಗುಳು ಎನ್ನುತ್ತದೆಂದು ಅಜ್ಜಿಯ ಹೇರ್‌ಪಿನ್ನನ್ನು ಕದ್ದು ತಿರುವಿದ. ಯಾರೂ ನೋಡಲಿಲ್ಲ, ಎಲ್ಲರ ಕಣ್ಣೂ ಪುಟ್ಟಿಯ ಕಿವಿಯ ಮೇಲೆ.

ನಾಲ್ಕನೆಯ ರಾತ್ರಿ ಎರಡು ಗಂಟೆಗೆ ತಾಯಿ ಗಂಡನನ್ನು ಅಲುಗಿಸಿದಳು. “ರೀ, ಏಳಿ. ಹುಡುಗ ಕಿವಿನೋವು ಅಂತ ಅಳ್ತಿದಾನೆ.”

“ಯಾರು, ಪುಟ್ಟಿಯೆ?”

“ಅಲ್ಲ ರೀ, ಇವನು.”

ಬಲಗಿವಿ ಕೆಂಪೇರಿತ್ತು. ತೂತಿನ ಮುಂದಿರುವ ಮೆತ್ತನೆಯ ಮಡಿಕೆಯನ್ನು ಮುಟ್ಟಿದರೆ ಹುಡುಗ ಚೀರುತ್ತಿದ್ದ. ಕಿವಿಯನ್ನು ಮೆಲ್ಲಗೆ ಎಳೆದರೂ ನೋವು. ತೊಂದರೆ ತಮಟೆಯ ಈಚೆ, ಹೊರಗಿವಿಯ ಕೊಳವೆಯಲ್ಲಿದೆಯೆಂಬುದಕ್ಕೆ ಇದೇ ಕುರುಹು. ನೆಗಡಿ ಜ್ವರಗಳ ಬೆನ್ನುಹತ್ತಿ ಬರುವ ನಡುಗಿವಿಯ ನೋವಿನಲ್ಲಿ ಹೊರಗೆ ಮುಟ್ಟಿದರೆ ಸಾಮಾನ್ಯವಾಗಿ ಹೀಗಾಗುವುದಿಲ್ಲ. ಗುಗ್ಗೆಯನ್ನು ಕೊಳೆಯೆಂದು ತಿಳಿಯುವುದು ವಾಡಿಕೆ. ಅದು ಚರ್ಮಕ್ಕೆ ದೇಹವೇ ಸವರಿದ ಮುಲಾಮು. ಬಹಳ ಹೊತ್ತು ನಿಂತ ನೀರು ಅದನ್ನು ತೊಳೆದು ಚರ್ಮವನ್ನು ಮೆದುವಾಗಿಸುತ್ತದೆ. ಪಿನ್ನು ಅಲ್ಲೊಂದು ಗೀರು ಹಾಕಿದರೆ ರೋಗಾಣುಗಳಿಗೆ ಬಾಗಿಲು ತೆರೆದಂತೆ.

ಅಜ್ಜಿ ಆಗಲೇ ಎದ್ದು ಕುಳಿತಿದ್ದರು. “ಒಂದು ಎಸಳು ಬೆಳ್ಳುಳ್ಳಿ, ನಾಲ್ಕು ಹನಿ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಬಿಟ್ಟರೆ ಆಯ್ತು. ನಿನಗೂ ಹಾಗೇ ವಾಸಿ ಮಾಡಿದ್ದು ಕಣೋ.”

“ಬೇಡಮ್ಮ. ತಮಟೆಗೆ ಏನಾಗಿದೆಯೋ ನೋಡದೆ ಏನನ್ನೂ ಬಿಡಬಾರದು.”

“ಹಾಗಾದರೆ ಮಗು ಬೆಳಗಿನ ತನಕ ನರಳಬೇಕೆ?”

ಅವರ ಪ್ರಶ್ನೆಯಲ್ಲಿ ತಪ್ಪೇನಿರಲಿಲ್ಲ. ಉತ್ತರ ಕೊಟ್ಟವಳು ಸೊಸೆ. “ಅತ್ತೆ, ಬಿಸಿ ಹೊರಗಿನಿಂದ ಕೊಡೋಣ, ಒಳಗೆ ಬೇಡ.” ಕೋಣೆಯಲ್ಲಿದ್ದ ವಿದ್ಯುತ್ ಕೆಟಲಿನ ಮೈಗೆ ಕರವಸ್ತ್ರ ಒತ್ತಿ ಬೆಚ್ಚಗೆ ಮಾಡಿ, ತಮ್ಮ ಕೆನ್ನೆಗೆ ಮುಟ್ಟಿಸಿ ನೋಡಿ, ಅಜ್ಜಿ ಮೊಮ್ಮಗನ ಕಿವಿಯ ಮೇಲಿಡುತ್ತ ಕುಳಿತರು. ತೂಕಕ್ಕೆ ತಕ್ಕಷ್ಟು ಪ್ಯಾರಾಸಿಟಮಾಲ್ ಕೊಟ್ಟದ್ದಾಯಿತು. ನಾಲ್ಕರ ಹೊತ್ತಿಗೆ ಹುಡುಗ ಅಜ್ಜಿಯ ತೊಡೆಯ ಮೇಲೆ ನಿದ್ದೆಹೋದ.

ಬೆಳಗ್ಗೆ ಊರಿನ ವೈದ್ಯೆಯೊಬ್ಬರು ದೀಪ ಹಿಡಿದು ನೋಡಿ, ಕೊಳವೆ ಊದಿದೆ, ತಮಟೆ ಭದ್ರವಾಗಿದೆ ಎಂದರು. ಒಳಗನ್ನು ಶುಚಿಮಾಡಿ ಏಳು ದಿನಕ್ಕೆ ಹನಿ ಔಷಧ ಬರೆದರು. ಶೀಶೆಯನ್ನು ಮೊದಲು ಕೈಯಲ್ಲಿ ಹಿಡಿದು ಬೆಚ್ಚಗಾಗಿಸಬೇಕು. ತಣ್ಣನೆಯ ಹನಿ ಬಿದ್ದರೆ ತಲೆಸುತ್ತು ಬರುತ್ತದೆ. ಮಗ್ಗುಲಾಗಿ ಮಲಗಿಸಿ, ಹನಿ ಬಿಟ್ಟಮೇಲೆ ಮೂರು ನಾಲ್ಕು ನಿಮಿಷ ಹಾಗೆಯೇ ಇರಿಸಬೇಕು. ವಾರ ಹತ್ತು ದಿನ ಕಿವಿಗೆ ನೀರು ಸೋಕಕೂಡದು. ವಾಸಿಯಾದಮೇಲೆ, ಈಜಿದಾಗಲೆಲ್ಲ ತಲೆಯನ್ನು ಎರಡೂ ಕಡೆಗೆ ಬಾಗಿಸಿ ನೀರಿಳಿಸಿ, ಹೊರಗನ್ನು ಮಾತ್ರ ಒರೆಸಬೇಕು. ಕಡ್ಡಿ, ಪಿನ್ನು, ಬಡ್ಸು ಯಾವುದೂ ಒಳಕ್ಕೆ ಹೋಗಬಾರದು. ಈಜುಗಾರರಿಗೆಂದು ಅಂಗಡಿಯಲ್ಲಿ ಸಿಗುವ, ಕಿವಿ ಒಣಗಿಸುವ ಸ್ಪಿರಿಟ್ಟಿನ ಹನಿಗಳ ಮಾತನ್ನು ತಂದೆ ಎತ್ತಿದಾಗ, “ಈ ಪುಟ್ಟ ಹುಡುಗಿಗಂತೂ ಎಂದೂ ಬೇಡ, ತೂತಿರುವ ತಮಟೆಗೆ ಅದು ಸಲ್ಲದು” ಎಂದು ಎಚ್ಚರಿಸಿದರು. ಬಂದದ್ದಕ್ಕೆ ಪುಟ್ಟಿಯ ಕಿವಿಗಳನ್ನೂ ನೋಡಿದರು. ನಳಿಗೆಗಳು ಸ್ವಸ್ಥಾನದಲ್ಲಿದ್ದವು, ಒಣಗಿದ್ದವು. ನೋವಿಲ್ಲದೆಯೇ ಕಿವಿ ಸೋರತೊಡಗಿದರೆ ಮಾತ್ರ ತಡಮಾಡದೆ ತೋರಿಸಬೇಕೆಂದರು.

ಡಬ್ಬಿಯ ಒಡೆತನ ಬದಲಾಯಿತು. ಸ್ನಾನಕ್ಕೆ ಮೊದಲು ವ್ಯಾಸಲೀನ್ ಸವರಿದ ಅರಳೆ ಈಗ ಅಣ್ಣನ ಹೊರಗಿವಿಗೆ. ಉಳಿದೆರಡು ದಿನ ಅವನು ಅಜ್ಜಿಯ ಪಕ್ಕದಲ್ಲಿ ಮರಳ ಮೇಲೆ ಕುಳಿತ. ಮೊದಲ ದಿನ ಮುಖ ಊದಿಸಿಕೊಂಡಿದ್ದ; ಎರಡನೆಯ ದಿನ ಬೆಸ್ತರು ಹಗ್ಗ ಹಿಡಿದು ಬಲೆ ಎಳೆಯುವುದನ್ನು ನೋಡುತ್ತ ಸಿಟ್ಟು ಮರೆತ.

ಕೊನೆಯ ಸಂಜೆ ಸೂರ್ಯ ಇಳಿಯುತ್ತಿತ್ತು. ಪುಟ್ಟಿ ತಂದೆಯೊಡನೆ ಮೊಣಕಾಲುದ್ದದ ನೀರಿನಲ್ಲಿದ್ದಳು. ಮರಳಿನಲ್ಲಿ ಅರ್ಧ ಹೂತಿದ್ದ ದೊಡ್ಡದೊಂದು ಚಿಪ್ಪು ಅಣ್ಣನಿಗೆ ಸಿಕ್ಕಿತು. ಓಡಿಹೋಗಿ ಕೊಡುವಂತಿಲ್ಲ. ನೀರಂಚಿನಿಂದ ದೂರವೇ ನಿಂತು, “ಪುಟ್ಟೀ!” ಎಂದು ಕೂಗಿದ. ಅಲೆಯೊಂದು ಆಗತಾನೆ ಮುರಿಯುತ್ತಿತ್ತು. ತಂದೆಗೆ ಅವನ ದನಿ ಕೇಳಿಸಲಿಲ್ಲ. ಪುಟ್ಟಿ ತಿರುಗಿ ನೋಡಿ, “ಅಪ್ಪ, ಅಣ್ಣ ಕರೀತಿದಾನೆ” ಎಂದಳು.