ಅಳಿವೆಯ ಅತಿಥಿಗಳು

ಮಂಗಳೂರಿನಿಂದ ಕಾರವಾರಕ್ಕೆ ಕಡಲಿನ ಮಗ್ಗುಲಲ್ಲೇ ಸಾಗುವ 66ನೆಯ ರಾಷ್ಟ್ರೀಯ ಹೆದ್ದಾರಿ, ಅವಸರದ ಪಯಣಿಗನ ಕಣ್ಣಿಗೆ ಸೇತುವೆಗಳ ಒಂದು ಸಾಲು ಮಾತ್ರ. ಸ್ವರ್ಣೆ, ಸೀತೆ, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ ಹೀಗೆ ಘಟ್ಟದಿಂದಿಳಿದ ಹೊಳೆಗಳು ಒಂದೊಂದಾಗಿ ಎದುರಾಗಿ ಹಿಂದೆ ಸರಿಯುತ್ತವೆ. ಕ್ಯಾಮರಾವನ್ನು ಹೆಗಲಿಗೇರಿಸಿ ಹೊರಟವನಿಗಾದರೋ ಪ್ರತಿಯೊಂದು ಸೇತುವೆಯೂ ಒಂದು ತಂಗುದಾಣ. ಹೊಳೆ ಕಡಲನ್ನು ಕೂಡುವ ಅಳಿವೆಯೇ ಪಕ್ಷಿಗಳ ಊಟದ ಪಂಕ್ತಿಯಲ್ಲವೆ?

ಒಂದು ಮಾಘಮಾಸದಲ್ಲಿ ಬಯಲುಸೀಮೆಯ ತರುಣನೊಬ್ಬ ಕಾರಿನಲ್ಲಿ ಈ ದಾರಿ ಹಿಡಿದು ಬಡಗಣಕ್ಕೆ ಹೊರಟ. ಮಲ್ಪೆಯ ಮೀನುಗಾರಿಕೆ ಬಂದರಿನಲ್ಲಿ ಅವನಿಗೆ ಯಾವ ಪ್ರಯಾಸವೂ ಆಗಲಿಲ್ಲ. ಬಿಳಿಯ ತಲೆ, ಬಿಳಿಯ ಎದೆ, ಕಾವಿಬಣ್ಣದ ರೆಕ್ಕೆಯ ಗರುಡಗಳು ದೋಣಿಗಳ ಮೇಲೆ ಸುತ್ತುತ್ತ, ನೀರಿಗೆ ಬಿದ್ದ ಮೀನನ್ನು ಉಗುರಿನಿಂದ ಎತ್ತಿಕೊಂಡು ಹಾರುತ್ತಲೇ ತಿನ್ನುತ್ತಿದ್ದವು. ಒಂದು ಗಂಟೆಯಲ್ಲಿ ಅವನು ನೂರಾರು ಚಿತ್ರಗಳನ್ನು ತೆಗೆದ. 36 ಚಿತ್ರಗಳಿಗೆ ಮುಗಿದುಹೋಗುತ್ತಿದ್ದ ಫಿಲ್ಮ್ ಸುರುಳಿಯ ಕಾಲದಲ್ಲಿ ದುಡಿದ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥ ಹಿರಿಯರಿಗೆ ಈ ಧಾರಾಳತನ ಎಲ್ಲಿತ್ತು? ಹಕ್ಕಿಯ ನಡತೆಯನ್ನು ತಿಳಿಯುವ ಮೊದಲೇ ಅದರ ಚಿತ್ರ ಬೇಕೆಂಬುದು ಈ ಕಾಲದ ಆತುರ.

ಒಂದು ಪಕ್ಕ ಕಡಲೂ ಇನ್ನೊಂದು ಪಕ್ಕ ಸೌಪರ್ಣಿಕೆಯೂ ಇರುವ ಮರವಂತೆಯಲ್ಲಿ ಅವನು ಮೊದಲ ಪಾಠ ಕಲಿತ. ತಂತಿಯ ಮೇಲಿದ್ದ ಮಿಂಚುಳ್ಳಿ, ಕಾರು ಬಂದು ಕೆಳಗೆ ನಿಂತರೂ ಕದಲಲಿಲ್ಲ. ಇವನು ಬಾಗಿಲು ತೆರೆದು ಕಾಲು ಕೆಳಗಿಟ್ಟದ್ದೇ ತಡ, ನೀಲಿಯ ಗೆರೆಯೊಂದನ್ನು ಎಳೆದು ಮಾಯವಾಯಿತು. ವಾಹನಕ್ಕಿಂತ ಮನುಷ್ಯನ ಆಕಾರವೇ ಹಕ್ಕಿಗೆ ಹೆಚ್ಚು ಭಯಂಕರ!

ಹೊನ್ನಾವರದ ಬಳಿಯ ಕಾಸರಕೋಡಿನಲ್ಲಿ ದೊರೆತದ್ದು ಬೇರೆಯ ಅನುಭವ. ಚಳಿಗಾಲದ ರಾತ್ರಿಗಳಲ್ಲಿ ಅಲ್ಲಿನ ಮರಳಿಗೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಕಾವಲುಗಾರರೊಡನೆ ನಡೆದ ತರುಣನಿಗೆ ತೆರೆಯಿಂದೆದ್ದು ಬರುತ್ತಿದ್ದ ಕಪ್ಪು ಆಕಾರವೊಂದು ಕಂಡಿತು. ಬೆಳಕು ಬಿದ್ದರೆ ತಾಯಿ ಮೊಟ್ಟೆಯಿಡದೆ ಹಿಂದಿರುಗಬಹುದು. ಸುಮಾರು 50 ದಿನಗಳ ಬಳಿಕ ಹೊರಬರುವ ಮರಿಗಳಾದರೂ ದೀಪ ಕಂಡರೆ ಅದನ್ನೇ ಕಡಲಿನ ಹೊಳಪೆಂದು ಬಗೆದು ದಾರಿತಪ್ಪುತ್ತವೆ. ಆದುದರಿಂದ ಫ್ಲಾಷ್ ಚೀಲದಲ್ಲೇ ಉಳಿಯಿತು. ಆಮೆ ಹಿಂಗಾಲುಗಳಿಂದ ಗುಂಡಿ ತೋಡಿ, ಮೊಟ್ಟೆಗಳನ್ನಿಟ್ಟು, ಮರಳು ಮುಚ್ಚಿ ಮರಳಿತು. ಬೆಳಗ್ಗೆ ಅವನ ಬಳಿ ಅದರ ಒಂದು ಚಿತ್ರವೂ ಇರಲಿಲ್ಲ.

ಅದೇ ಕೊರಗಿನಲ್ಲಿ ಅವನು ಕುಮಟೆಯನ್ನು ದಾಟಿ ಅಘನಾಶಿನಿಯ ಅಳಿವೆಗೆ ಬಂದ. ಹರಿಯುವ ದಾರಿಯಲ್ಲಿ ಒಂದು ಅಣೆಕಟ್ಟೂ ಇಲ್ಲದ ಈ ನದಿಯ ಅಳಿವೆ 2024ರಲ್ಲಿ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಆಗ ಇಳಿತದ ಹೊತ್ತು. ನೀರು ಸರಿದು ಬರಿದಾದ ಕೆಸರಿನಲ್ಲಿ ಹೆಂಗಸರು ಬಾಗಿ ಚಿಪ್ಪಿಕಲ್ಲು ಆಯುತ್ತಿದ್ದರು; ಅವರಿಂದ ಅನತಿ ದೂರದಲ್ಲಿ ಮರಳಿನ ಬಣ್ಣದ ಬೆನ್ನಿನ ಚಿಕ್ಕ ಗೊರವಗಳ ದೊಡ್ಡದೊಂದು ಹಿಂಡು ಮೇಯುತ್ತಿತ್ತು. ತರುಣ ಕೆಸರಿಗಿಳಿದು ಮುಂದೆ ನಡೆದ. ಹಿಂಡು ಒಮ್ಮೆಗೇ ಎದ್ದು, ಬಿಸಿಲಲ್ಲಿ ಬೆಳ್ಳಿಯಂತೆ ಹೊಳೆದು, ಇನ್ನೂ ಆಚೆ ಇಳಿಯಿತು. ಅವನು ಮತ್ತೆ ನಡೆದ, ಅವು ಮತ್ತೆ ಎದ್ದವು. ಮೂರನೆಯ ಬಾರಿಯೂ ಹಾಗೆಯೇ ಆದಾಗ ವಯಸ್ಸಾದ ಹೆಂಗಸೊಬ್ಬಳು ಸೊಂಟ ನೆಟ್ಟಗೆ ಮಾಡಿ ಕೂಗಿದಳು:

“ತಮಾ, ಅವುಗಳ ಬೆನ್ನು ಹತ್ತಬೇಡ. ನಾವಾಗಲಿ ಅವಾಗಲಿ ಉಣ್ಣುವುದು ನೀರು ಇಳಿದಷ್ಟು ಹೊತ್ತು ಮಾತ್ರ. ನೀರು ಏರಲಿ, ಅವೇ ದಡಕ್ಕೆ ಬರುತ್ತವೆ.”

ತರುಣ ನಾಚಿ ನಿಂತ. ಹಿಮಾಲಯದಾಚೆ, ಮಧ್ಯ ಏಷ್ಯದ ಎತ್ತರದ ಬಯಲುಗಳಲ್ಲಿ ಮರಿಮಾಡಿ, ಚಳಿಗಾಲ ಕಳೆಯಲು ಇಲ್ಲಿಗೆ ಬರುವ ಹಕ್ಕಿಗಳು ಅವು. ಬೇಸಗೆಯ ಮೊದಲಲ್ಲಿ ಮರಳಿ ಹೊರಡುವುದಕ್ಕೆ ಮುನ್ನ ಆ ದೂರಕ್ಕೆ ಸಾಕಾಗುವಷ್ಟು ಕೊಬ್ಬನ್ನು ಈ ಕೆಸರಿನಲ್ಲೇ ಗಳಿಸಬೇಕು. ಇವನ ಒಂದೊಂದು ಹೆಜ್ಜೆಗೂ ಅವು ರೆಕ್ಕೆ ಬಡಿದು ವ್ಯಯಮಾಡಿದ್ದು ಆ ಗಳಿಕೆಯನ್ನೇ.

ಅವನು ಹಿಂದಿರುಗಿ, ದಡದಲ್ಲಿ ಮಗುಚಿಹಾಕಿದ್ದ ದೋಣಿಯೊಂದರ ಮರೆಯಲ್ಲಿ ಕುಳಿತ. ಬಿಸಿಲೇರಿತು, ಕಾಲಿಗೆ ಹತ್ತಿದ ಕೆಸರು ಒಣಗಿ ಬಿರುಕುಬಿಟ್ಟಿತು. ಹೆಂಗಸರು ಬುಟ್ಟಿಗಳನ್ನು ತಲೆಯ ಮೇಲಿಟ್ಟುಕೊಂಡು ಊರ ಕಡೆಗೆ ನಡೆದರು. ಉಬ್ಬರದ ನೀರು ಕಾಲುವೆಗಳಲ್ಲಿ ನುಸುಳಿ ಕೆಸರಿನ ಬಯಲನ್ನು ಅಂಗುಲ ಅಂಗುಲವಾಗಿ ನುಂಗತೊಡಗಿದಂತೆ ಹಿಂಡು ತಾನಾಗಿಯೇ ಹಿಂದೆ ಸರಿಯುತ್ತ ಅವನತ್ತ ಬಂತು. ಅವನು ಅಲುಗಾಡದೆ ಹತ್ತಾರು ಚಿತ್ರಗಳನ್ನು ತೆಗೆದ.

ಕೊನೆಗೆ ಗೊರವವೊಂದು ದೋಣಿಯ ನೆರಳಿಗೇ ಬಂದು ನಿಂತಿತು. ದೂರದ್ದನ್ನು ಹತ್ತಿರ ತರಲೆಂದು ಮಾಡಿದ ಆ ಮಸೂರಕ್ಕೆ ಅಷ್ಟು ಹತ್ತಿರದ್ದು ಸ್ಫುಟವಾಗಿ ಕಾಣದು; ಬಿಂಬ ಮಸುಕಾಯಿತು. ಹಿಂದೆ ಸರಿದರೆ ಹಕ್ಕಿ ಹಾರುವುದು ನಿಶ್ಚಯ. ತರುಣ ಕ್ಯಾಮರಾವನ್ನು ಮೆಲ್ಲನೆ ತೊಡೆಯ ಮೇಲಿಳಿಸಿದ. ಹಕ್ಕಿ ನಾಲ್ಕು ಹೆಜ್ಜೆ ಓಡಿತು, ನಿಂತಿತು, ಕೆಸರಿನಿಂದ ಹುಳುವೊಂದನ್ನು ಎಳೆದು ನುಂಗಿತು, ಮತ್ತೆ ಓಡಿತು.