ಮುರುಮಿನ ಹಾದಿಯಲ್ಲಿ ಎರಡು ಸೈಕಲ್ಲು

ಬೀದರ ನಗರದಿಂದ ಹೊರಡುವ ಡಾಂಬರು ರಸ್ತೆಗಳು ಎಲ್ಲರಿಗೂ ಗೊತ್ತು. ಹೈದರಾಬಾದಿಗೆ ಒಂದು, ಹುಮನಾಬಾದಿಗೆ ಒಂದು, ಭಾಲ್ಕಿಗೆ ಒಂದು, ಔರಾದಿಗೆ ಒಂದು. ಇವುಗಳ ನಡುವೆ ಹೊಲದಿಂದ ಹೊಲಕ್ಕೆ, ತಾಂಡಾದಿಂದ ಊರಿಗೆ ಹರಡಿಕೊಂಡಿರುವ ಮುರುಮಿನ ಹಾದಿಗಳ ಲೆಕ್ಕವನ್ನು ಮಾತ್ರ ಯಾರೂ ಇಟ್ಟಂತಿಲ್ಲ. ಎತ್ತಿನ ಬಂಡಿ, ಕುರಿಹಿಂಡು, ಈಚೆಗೆ ಟ್ರ್ಯಾಕ್ಟರು ಓಡಾಡುವ ಈ ಕೆಂಪು ಗರಸಿನ ದಾರಿಗಳ ಬೆನ್ನು ಹತ್ತಿದ್ದಾರೆ, ಊರಿನ ಒಬ್ಬ ಗುಮಾಸ್ತರು ಮತ್ತು ಪಿಯುಸಿ ಮೊದಲ ವರ್ಷದಲ್ಲಿರುವ ಅವರ ಮಗಳು. ಅದೂ ಸೈಕಲ್ಲಿನ ಮೇಲೆ.

ತಂದೆಯದು ಹಳೆಯ ಕಪ್ಪು ಅಟ್ಲಾಸ್. ಮಗಳದು ಅವಳ ಅಕ್ಕನಿಗೆ ಎಂಟನೆಯ ತರಗತಿಯಲ್ಲಿ ಸಿಕ್ಕ ಸರ್ಕಾರಿ ಸೈಕಲ್ಲು. 2006-07ರಲ್ಲಿ ಶುರುವಾಗಿ, ಕೊರೊನಾ ಕಾಲದಲ್ಲಿ ನಿಂತುಹೋದ ಆ ಯೋಜನೆಯ ಸೈಕಲ್ಲುಗಳು ಎಷ್ಟೋ ಮನೆಗಳ ಹಿತ್ತಲಲ್ಲಿ ಈಗ ತುಕ್ಕು ಹಿಡಿಯುತ್ತಿವೆ. ಇದಕ್ಕೆ ಮಾತ್ರ ಹೊಸ ಚೈನು, ಹೊಸ ಟೈರು ಬಂದವು.

ಮನೆಯಾಕೆಗೆ ಇದು ಒಂದಿಷ್ಟೂ ಸರಿಬರಲಿಲ್ಲ. "ಊರಾಗಿನ ಮಕ್ಕಳೆಲ್ಲ ಕೋಚಿಂಗಿಗೆ ಹೋಗ್ಲತ್ಯಾರ, ನಿಮ್ಮ ಮಗಳು ಧೂಳು ಕುಡೀಲಾಕ ಹೊಂಟಾಳ. ಬೆಳೆದ ಹುಡುಗಿ ಅಡವಿ ದಾರಿ ಹಿಡದ್ರ ನೋಡ್ದವರು ಏನಂತಾರ್ರಿ?" ಎಂಬುದು ಅವರ ಪ್ರಶ್ನೆ. ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ವೈದ್ಯಕೀಯ ಸೀಟಿನ ಕನಸು ಹೊತ್ತ ಮಕ್ಕಳು ಪರವೂರುಗಳಿಂದ ಬಂದು ಹಾಸ್ಟೆಲ್ಲಿನಲ್ಲಿ ಕೂತು ಓದುವ ಊರು ಇದು. ಕೊನೆಗೊಂದು ಕರಾರಾಯಿತು. ಭಾನುವಾರ ಮಾತ್ರ; ತಂದೆ ಜೊತೆಗಿರಬೇಕು; ಮಾರ್ಕ್ಸು ಇಳಿದರೆ ಸೈಕಲ್ಲಿಗೆ ಬೀಗ.

ಕಚ್ಚಾ ರಸ್ತೆಯ ಸೈಕಲ್ ಸವಾರಿ ಹೊರದೇಶಗಳಲ್ಲಿ ಈಗ ದೊಡ್ಡ ಆಟ. ಅಮೆರಿಕದ ಕಾನ್ಸಾಸ್ ರಾಜ್ಯದ ಎಂಪೋರಿಯಾ ಎಂಬಲ್ಲಿ 200 ಮೈಲಿಯ ಗರಸು ರಸ್ತೆಯ ಸ್ಪರ್ಧೆ 2006ರಲ್ಲಿ ಆರಂಭವಾಯಿತು. 2022ರಲ್ಲಿ ಇಟಲಿಯಲ್ಲಿ ಇದರ ಮೊದಲ ವಿಶ್ವ ಚಾಂಪಿಯನ್‌ಷಿಪ್ಪೂ ನಡೆಯಿತು. ಅದಕ್ಕೆಂದೇ ತಯಾರಾಗುವ 'ಗ್ರಾವೆಲ್ ಬೈಕ್'ಗಳ ಬೆಲೆ ಕೇಳಿದರೆ ಗುಮಾಸ್ತರ ಹಲವು ತಿಂಗಳ ಸಂಬಳ ನೆನಪಾಗುತ್ತದೆ. ಆದರೆ ಅದರ ಮುಖ್ಯ ಗುಟ್ಟು ಇರುವುದು ಟೈರಿನಲ್ಲಿ. ಡಾಂಬರಿನ ಮೇಲೆ ಓಡುವ ರೇಸ್ ಸೈಕಲ್ಲಿನ ಟೈರು 25ರಿಂದ 30 ಮಿಲಿಮೀಟರ್ ಅಗಲವಿದ್ದರೆ ಗರಸಿನ ಸೈಕಲ್ಲಿನದು 40ರ ಆಸುಪಾಸು. ಈಗ ನಮ್ಮ ಹಾಲಿನವರ ಸೈಕಲ್ಲನ್ನು ನೋಡಿ. ಟೈರಿನ ಮೇಲೆ 28×1½ ಎಂದು ಬರೆದಿರುತ್ತದೆ. ಒಂದೂವರೆ ಇಂಚು ಎಂದರೆ ಸುಮಾರು 38 ಮಿಲಿಮೀಟರ್! ಕೆಟ್ಟ ರಸ್ತೆಗಳಿಗೆಂದೇ ಹುಟ್ಟಿದ ಹಳೆಯ ಸೈಕಲ್ಲಿನ ಅಗಲಕ್ಕೇ ಹೊಸ ಶೋಕಿಯವರು ತಿರುಗಿ ಬಂದಿದ್ದಾರೆ.

ಗಾಳಿಯ ವಿಷಯಕ್ಕೆ ಬಂದರೆ, ಟೈರು ಕಲ್ಲಿನಂತೆ ಬಿಗಿಯಾಗಿದ್ದರೆ ಸೈಕಲ್ಲು ಹಗುರಾಗಿ ಓಡುತ್ತದೆಂಬ ನಂಬಿಕೆ ಸಾಮಾನ್ಯ. ನುಣುಪು ಡಾಂಬರಿನ ಮೇಲೆ ಅದು ಬಹುಮಟ್ಟಿಗೆ ನಿಜ. ಮುರುಮಿನ ಮೇಲೆ ಅಲ್ಲ. ಬಿಗಿ ಟೈರು ಪ್ರತಿ ಹರಳನ್ನೂ ಹತ್ತಿ ಇಳಿಯುತ್ತದೆ. ಸವಾರನನ್ನು ಪ್ರತಿ ಸಲ ಎತ್ತಿ ಕುಕ್ಕುವುದರಲ್ಲೇ ಅವನ ಶಕ್ತಿ ಪೋಲಾಗುತ್ತದೆ. ತುಸು ಮೆತ್ತಗಿದ್ದರೆ ಹರಳು ಟೈರಿನೊಳಗೆ ಅದುಮಿಕೊಳ್ಳುತ್ತದೆ, ಸೈಕಲ್ಲು ಮಟ್ಟಸವಾಗಿ ಸಾಗುತ್ತದೆ. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಎಂದು ಪಠ್ಯಪುಸ್ತಕದಲ್ಲಿದೆಯಲ್ಲ, ಅದನ್ನೇ ಇಲ್ಲಿ ಹಾಕಿ ನೋಡಬಹುದು. ಸವಾರ, ಸೈಕಲ್ಲು ಸೇರಿ 80 ಕಿಲೋ ಎನ್ನೋಣ. ಭಾರ ಸುಮಾರು 800 ನ್ಯೂಟನ್. ಟೈರಿನ ಒತ್ತಡ 4 ಲಕ್ಷ ಪಾಸ್ಕಲ್ ಇದ್ದರೆ ಎರಡೂ ಗಾಲಿ ಸೇರಿ ನೆಲವನ್ನು ಮುಟ್ಟುವುದು ಅಂದಾಜು 20 ಚದರ ಸೆಂಟಿಮೀಟರ್. 2 ಲಕ್ಷಕ್ಕೆ ಇಳಿಸಿದರೆ 40. ಮಗಳು ಇದನ್ನು ನೋಟ್ ಪುಸ್ತಕದಲ್ಲಿ ಮಾಡಿದ್ದು ಪರೀಕ್ಷೆಗಾಗಿ. ಪಂಪು ಹಿಡಿದು ಮಾಡಿದ್ದು ನೌಬಾದಿನ ಆಚೆ, ಕೈ ಜೋಮು ಹಿಡಿದಾಗ. ಹಾಗೆಂದು ಗಾಳಿ ತೀರ ಇಳಿಸಿದರೆ ರಿಮ್ಮಿಗೆ ಕಲ್ಲು ಬಡಿದು ಟ್ಯೂಬು ಒಡೆಯುತ್ತದೆ. ಅದನ್ನೂ ಅವಳು ಕಲಿತಳು, ಎರಡು ಸಲ.

ಬೀದರ ನಗರ ಕೂತಿರುವುದು ಜಂಬಿಟ್ಟಿಗೆಯ ಹಾಸಿನ ಮೇಲೆ. 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬಾತ ಕೇರಳದ ಇಂಥದೇ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ 'ಲೇಟರ್' ಎಂದರೆ ಇಟ್ಟಿಗೆ. ಕಬ್ಬಿಣದ ಆಕ್ಸೈಡು ತುಂಬಿ ಕೆಂಪಾದ, ತೂತುತೂತಾದ ಕಲ್ಲು. ಮಳೆನೀರು ಇದರೊಳಗೆ ಸರಸರ ಇಳಿದುಹೋಗುತ್ತದೆ. ಇದನ್ನರಿತೇ ಬಹಮನಿ ಕಾಲದವರು ನೌಬಾದಿನಲ್ಲಿ ಸುರಂಗ ಬಾವಿ ತೋಡಿ ಆ ನೀರನ್ನು ಹಿಡಿದರು. ಸೈಕಲ್ಲಿನವರಿಗೂ ಇದರಿಂದ ಉಪಕಾರವೇ. ಮಳೆ ನಿಂತು ಸ್ವಲ್ಪ ಹೊತ್ತಿಗೆಲ್ಲ ಮುರುಮು ಗಟ್ಟಿಯಾಗಿ ಗಾಲಿಗೆ ನೆಲ ಸಿಗುತ್ತದೆ.

ಈ ಹಾಸಿನ ಮೇಲೆ ಸೀತಾಫಲ, ತಂಗಡಿ, ಮುತ್ತುಗ, ಮೊಣಕಾಲುದ್ದದ ಹುಲ್ಲು. ಕಾಗದಪತ್ರಗಳಲ್ಲಿ ಇಂಥ ನೆಲವನ್ನು ಪಾಳು ಎಂದು ಬರೆಯುವ ರೂಢಿ ಬಲು ಹಳೆಯದು. ಆದರೆ ಬೆಳಗಿನ ಆರು ಗಂಟೆಗೆ ಇಲ್ಲಿ ಬಂದವರಿಗೆ ಕೃಷ್ಣಮೃಗಗಳು ಕಾಣುತ್ತವೆ. ಅವಕ್ಕೆ ದಟ್ಟ ಕಾಡು ಬೇಡ; ದೂರದವರೆಗೆ ಕಣ್ಣು ಹಾಯುವ ಬಯಲೇ ಬೇಕು, ಓಟವೇ ಅವುಗಳ ರಕ್ಷಣೆ. ಬಯಲಿನ ತುಂಬ ಒತ್ತಾಗಿ ಗಿಡ ನೆಟ್ಟು ಹಸಿರು ಮಾಡಿದೆವೆಂದು ಹಿಗ್ಗುವವರು ಇದನ್ನು ಸ್ವಲ್ಪ ಯೋಚಿಸಬೇಕು. ಮೋಟಾರು ಸೈಕಲ್ಲಿನ ಸದ್ದಿಗೆ ಚದುರಿ ಓಡುವ ಹಿಂಡು ಸೈಕಲ್ಲಿಗೆ ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗಿದ್ದನ್ನು ಹುಡುಗಿ ಕಂಡಳು. ಹತ್ತಿರ ಹೋಗಲು ತಂದೆ ಬಿಡಲಿಲ್ಲ.

ಭಾಲ್ಕಿಯ ಕಡೆ ಹೋದರೆ ಕತೆಯೇ ಬೇರೆ. ಕೆಂಪು ಮುಗಿದು ಕರಿಮಣ್ಣು ಶುರುವಾಗುತ್ತದೆ. ತೊಗರಿ, ಸೋಯಾ, ಉದ್ದಿನ ಸೀಮೆ. ಜೂನಿನ ಮೊದಲ ಮಳೆ ಬಿದ್ದ ಮರುದಿನ, ಭಾಲ್ಕಿಯ ಸೋದರತ್ತೆಯ ಮನೆಗೆಂದು ಹೊರಟವರು ಹೊಲದ ದಾರಿಗಿಳಿದು ಇನ್ನೂರು ಮೀಟರು ಹೋಗುವಷ್ಟರಲ್ಲಿ ಎರಡು ಗಾಲಿಯೂ ನಿಂತವು. ಎರೆ ಮಣ್ಣು ಟೈರಿಗೆ ಸುತ್ತಿ, ಮಡ್‌ಗಾರ್ಡಿನೊಳಗೆ ತುಂಬಿ, ಸೈಕಲ್ಲನ್ನು ತಳ್ಳುವುದಕ್ಕೂ ಆಗಲಿಲ್ಲ. ಈ ಮಣ್ಣಿನಲ್ಲಿ ಮಾಂಟ್ಮೊರಿಲೊನೈಟ್ ಎಂಬ ಜೇಡಿ ಖನಿಜ ಹೇರಳ. ಅದರ ಪದರಗಳ ನಡುವೆ ನೀರು ಸೇರಿದರೆ ಉಬ್ಬಿ ಅಂಟಾಗುತ್ತದೆ, ಒಣಗಿದರೆ ಕುಗ್ಗಿ ಅಂಗೈಯಗಲ ಬಿರಿಯುತ್ತದೆ. ಬಾಂದಿನ ಮೇಲೆ ಕೂತಿದ್ದ ಮುದುಕರೊಬ್ಬರು ಬೇವಿನ ಕಡ್ಡಿ ಮುರಿದು ತಂದರು. "ಮಳಿಗಾಲದಾಗ ಮಡ್‌ಗಾರ್ಡ್ ಬಿಚ್ಚಿ ಇಡಬೇಕು ಯವ್ವಾ. ಇಲ್ಲಂದ್ರ ಸೈಕಲ್ ನಿನ್ನ ಹೊತಗೊಂಡು ಹೋಗಂಗಿಲ್ಲ, ನೀನೇ ಅದಕ್ಕ ಹೊತಗೊಂಡು ಹೋಗಬೇಕಾಗ್ತದ" ಎಂದರು. ಹಾಗೇ ಆಯಿತು. ರಸ್ತೆಯವರೆಗೂ ಇಬ್ಬರೂ ಹೊತ್ತರು. ಗ್ರಾವೆಲ್ ಬೈಕಿನಲ್ಲಿ ಟೈರಿಗೂ ಚೌಕಟ್ಟಿಗೂ ನಡುವೆ ಜಾಗ ಬಿಟ್ಟಿರುವುದು ಇದಕ್ಕಾಗಿಯೇ.

ಆ ತಿಂಗಳ ಪರೀಕ್ಷೆಯಲ್ಲಿ ಗಣಿತದ ಅಂಕ ಇಳಿಯಿತು. ಕರಾರಿನಂತೆ ಬೀಗ ಬಿತ್ತು. ತಂದೆ ಒಂದು ಮಾತೂ ಆಡಲಿಲ್ಲ, ಆಡಬಾರದು ಕೂಡ. ಹುಡುಗಿ ಒಂದೂವರೆ ತಿಂಗಳು ಕೂತು ಓದಿದಳು. ಸೈಕಲ್ಲು ಬಿಟ್ಟದ್ದರಿಂದ ಅಂಕ ಏರಿತೋ, ಬಯ್ಗುಳಕ್ಕೆ ಹೆದರಿ ಏರಿತೋ, ಒಂದೇ ಉದಾಹರಣೆಯಿಂದ ಹೇಳಲಾಗದು. ಬೀಗವಂತೂ ತೆರೆಯಿತು.

ಚಳಿಗಾಲದಲ್ಲಿ ಔರಾದಿನ ದಾರಿ. ಜನವಾಡಾ ದಾಟಿ, ಎತ್ತರದ ಬೀದರಿನಿಂದ ಮಾಂಜ್ರಾ ಕಣಿವೆಗೆ ಇಳಿಯಬೇಕು. ಇಳಿಜಾರಿನಲ್ಲಿ ಬ್ರೇಕಿನ ರಬ್ಬರು ಬಿಸಿಯಾಗಿ ವಾಸನೆ ಬರುತ್ತದೆ. 80 ಕಿಲೋ ಭಾರ 100 ಮೀಟರ್ ಕೆಳಗಿಳಿದರೆ 80,000 ಜೂಲ್ ಶಕ್ತಿ ಎಲ್ಲಾದರೂ ಹೋಗಲೇಬೇಕಲ್ಲ! ಕಾಲು ಲೀಟರ್ ನೀರು ಕುದಿಸಲು ಅಷ್ಟು ಸಾಕು.

ಕೌಠಾ ಬಳಿಯ ಸೇತುವೆಯ ಕೆಳಗೆ ಹೊಳೆ. ಬೀಡ ಜಿಲ್ಲೆಯ ಬಾಲಾಘಾಟ ಗುಡ್ಡಗಳಲ್ಲಿ ಹುಟ್ಟಿ 724 ಕಿಲೋಮೀಟರ್ ಹರಿದು ಗೋದಾವರಿ ಸೇರುವ ನದಿ. ತಂದೆ ಚಿಕ್ಕವರಿದ್ದಾಗ ಇಲ್ಲಿ ಕಣ್ಣೆತ್ತಿದಷ್ಟೂ ಉಸುಕು. ಜಾತ್ರೆಗೆ ಹೋಗುವವರು ಅದರಲ್ಲಿ ಒರತೆ ತೋಡಿ ನೀರು ಕುಡಿಯುತ್ತಿದ್ದರಂತೆ. ಈಗ ಉಸುಕು ಅಲ್ಲಲ್ಲಿ ದಿಬ್ಬದಂತೆ ಉಳಿದಿದೆ. ಕಟ್ಟಡಗಳಿಗೆಂದು ಹೋದದ್ದು ಹೋಯಿತು, ಮಳೆಗಾಲದ ನೆರೆ ತಂದುಹಾಕುವುದು ಅದಕ್ಕೆ ಸಾಟಿಯಾಗುತ್ತಿಲ್ಲ. ಉಳಿದ ದಿಬ್ಬದ ಮೇಲೆ ಸೈಕಲ್ಲು ಹೊಡೆಯಲು ಹುಡುಗಿ ಯತ್ನಿಸಿದಳು. ಮುಂದಿನ ಗಾಲಿ ಹೂತು ಬಿದ್ದಳು. ಒಣ ಉಸುಕಿನ ಕಣಗಳು ಒಂದನ್ನೊಂದು ಹಿಡಿಯುವುದಿಲ್ಲ, ಎಷ್ಟು ಅಗಲದ ಟೈರಾದರೂ ಜಾರುತ್ತವೆ. ನೀರಂಚಿನ ತೇವದ ಉಸುಕಿನ ಮೇಲೆ ಮಾತ್ರ ಸಲೀಸಾಗಿ ಹೋದಳು. ಉಸುಕು ತೆಗೆದ ಹೊಂಡಗಳು ನೀರಿನಡಿ ಕಾಣುವುದಿಲ್ಲ, ಹೊಳೆಗೆ ಇಳಿಯಕೂಡದೆಂದು ತಂದೆ ಮೊದಲೇ ಹೇಳಿದ್ದರು.

ಅಂದು ಔರಾದು ಮುಟ್ಟಲಾಗಲಿಲ್ಲ. ಬಿಸಿಲೇರಿತ್ತು, ವಾಪಸು ಹತ್ತಬೇಕಾದ ಏರು ಎದುರಿಗಿತ್ತು. ಅವಳ ಸೈಕಲ್ಲಿಗೆ ಒಂದೇ ಗೇರು: ಮುಂದೆ 44 ಹಲ್ಲು, ಹಿಂದೆ 18. ಅರ್ಧ ಏರನ್ನು ತಳ್ಳಿಕೊಂಡೇ ಬಂದರು.

ಮರುವಾರ ಅಮರೇಶ್ವರನ ದರ್ಶನಕ್ಕೆ ಔರಾದಿಗೆ ಹೋಗಿಯೇ ಬರುವುದೆಂದು ತೀರ್ಮಾನವಾಗಿ, ಸೈಕಲ್ಲು ಅಂಗಡಿಗೆ ಹೋಯಿತು. ಹಿಂದಿನ ಫ್ರೀವೀಲು 22 ಹಲ್ಲಿನದು ಬೇಕೆಂದಳು ಹುಡುಗಿ.

"ಅದು ಹಾಕಿದ್ರ ಜೋರ್ ಓಡಂಗಿಲ್ಲ ತಂಗಿ" ಎಂದರು ಮಿಸ್ತ್ರಿ.

"ಜೋರ್ ಬ್ಯಾಡ್ರಿ ಕಾಕಾ. ಮಾಂಜ್ರಾದಿಂದ ಹೊಳ್ಳಿ ಹತ್ತಬೇಕು."

ಫ್ರೀವೀಲಿನ ದುಡ್ಡನ್ನು ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟವರು ಅವಳ ತಾಯಿ. ಅಮರೇಶ್ವರನಿಗೆ ಒಡೆಯಲು ಒಂದು ತೆಂಗಿನಕಾಯಿಯನ್ನೂ ಕ್ಯಾರಿಯರಿಗೆ ಕಟ್ಟಿ ಕಳಿಸಿದರು.